18446744073709551615: ಈ ಸಂಖ್ಯೆಯ ಭಾಜಕಗಳನ್ನು ಕೈಲೆಕ್ಕದಿಂದ ಕಂಡುಹಿಡಿಯಬಹುದೇ?

ಪ್ರಶ್ನೆ – ಕೊಥ್ರೂಡ್ ಗೃಹಿಣಿ, ಪುಣೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲಿ ಪುಣೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಪ್ರತಿ ಮನೆಗೂ ಇಮ್ಮಡಿಸುತ್ತ ಹೋಗುವ ಹಳೆಯ ಕಥೆಯನ್ನು ಆಧರಿಸಿ ಶಾಲೆಯಲ್ಲಿ ಒಂದು ಗಣಿತದ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅರವತ್ತನಾಲ್ಕು ಮನೆಗಳ ಕಾಳುಗಳ ಮೊತ್ತ 2^64 − 1, ಅಂದರೆ 1,84,46,74,40,73,70,95,51,615 ಎಂಬುದನ್ನು ಅವಳು ಕಾಗದದ ಮೇಲೆಯೇ ಇಮ್ಮಡಿಸುತ್ತ ಹೋಗಿ ಕಂಡುಕೊಂಡಿದ್ದಾಳೆ. ಅಷ್ಟು ಕಾಳಿನ ತೂಕವೆಷ್ಟು, ಅದನ್ನು ಬೆಳೆಯಲು ಎಷ್ಟು ಶತಮಾನ ಬೇಕು ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಆದರೆ ಅವಳ ಶಿಕ್ಷಕಿ ಕೇಳಿರುವುದು ಬೇರೆ: ಈ ಸಂಖ್ಯೆಯ ಭಾಜಕಗಳು ಯಾವುವು, ಮತ್ತು ಅವೆಲ್ಲವೂ ಸಿಕ್ಕಿವೆ ಎಂದು ಹೇಗೆ ತಿಳಿಯುತ್ತದೆ?

ಕೊನೆಯ ಅಂಕಿ 5 ಆದ್ದರಿಂದ 5 ಭಾಗಿಸುತ್ತದೆ. ಅಂಕಿಗಳ ಮೊತ್ತ 87 ಆದ್ದರಿಂದ 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ. 15ರಿಂದ ಭಾಗಿಸಿದ ಮೇಲೆ ಬಂದ ಭಾಗಲಬ್ಧವನ್ನು 17 ಸಹ ನಿಶ್ಶೇಷವಾಗಿ ಭಾಗಿಸಿತು. ಈಗ ಅವಳ ಕೈಯಲ್ಲಿ ಉಳಿದಿರುವುದು 72340172838076673. ಅಲ್ಲಿಂದ ಮುಂದೆ 19, 23, 29 ಎಂದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ನೂರನ್ನು ದಾಟಿದರೂ ಏನೂ ಸಿಕ್ಕಿಲ್ಲ. ಈ ಸಂಖ್ಯೆಯ ವರ್ಗಮೂಲವೇ ಸುಮಾರು 26 ಕೋಟಿ 89 ಲಕ್ಷ. ಅಲ್ಲಿಯವರೆಗೆ ಹೀಗೆ ಪರೀಕ್ಷಿಸುವುದು ಯಾರಿಂದಲೂ ಆಗದು. ಸ್ಪ್ರೆಡ್‌ಶೀಟಿನಲ್ಲಿ 2^64 − 1 ಎಂದು ಬರೆದರೆ 18446744073709600000 ಎಂದು ತೋರಿಸುತ್ತದೆ, ಅದು ಕಣ್ಣಿಗೆ ಕಾಣುವಂತೆಯೇ ತಪ್ಪು.

ಉತ್ತರದ ಪಟ್ಟಿಯನ್ನು ಯಾವುದೋ ಜಾಲತಾಣದಿಂದ ತೆಗೆದುಕೊಡುವುದು ನನಗೂ ಬೇಡ, ಅವಳಿಗೂ ಬೇಡ. ಪೆನ್ಸಿಲು ಕಾಗದ ಹಿಡಿದು, ಪ್ರತಿ ಹೆಜ್ಜೆಯನ್ನೂ ತಾನೇ ಸಮರ್ಥಿಸಿಕೊಂಡು ಕೊನೆಯವರೆಗೆ ಹೋಗುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.


ಉತ್ತರ – ಡೊಂಬಿವಲಿಯ ನಿವೃತ್ತ ಶಿಕ್ಷಕ

ಮೇಡಂ, ನಿಮ್ಮ ಮಗಳ ಶಿಕ್ಷಕಿ ಬಹಳ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾರೆ. ದಾರಿ ಇದೆ, ಮತ್ತು ಅದು ಒಂಬತ್ತನೆಯ ತರಗತಿಯ ಬೀಜಗಣಿತದೊಳಗೇ ಇದೆ. ಮಗು ಮೊದಲು ಮಾಡಬೇಕಾದದ್ದು ಆ ಇಪ್ಪತ್ತು ಅಂಕಿಗಳನ್ನು ಮರೆತು, ಸಂಖ್ಯೆಯನ್ನು 2^64 − 1 ಎಂಬ ರೂಪದಲ್ಲೇ ನೋಡುವುದು. ದಶಮಾನದ ಅಂಕಿಗಳಲ್ಲಿ ಈ ಸಂಖ್ಯೆಯ ರಚನೆ ಪೂರ್ತಿಯಾಗಿ ಮರೆಯಾಗಿದೆ, ಘಾತದ ರೂಪದಲ್ಲಿ ಅದು ತೆರೆದುಕೊಂಡಿದೆ.

2^64 ಎಂಬುದು 2^32ರ ವರ್ಗ. ಆದ್ದರಿಂದ 2^64 − 1 ಎರಡು ವರ್ಗಗಳ ವ್ಯತ್ಯಾಸ; ಅದು (2^32 − 1) × (2^32 + 1) ಎಂದು ಒಡೆಯುತ್ತದೆ. ಇವುಗಳಲ್ಲಿ ಮೊದಲನೆಯದು ಮತ್ತೆ ವರ್ಗಗಳ ವ್ಯತ್ಯಾಸವೇ: (2^16 − 1) × (2^16 + 1). ಹೀಗೆ ಘಾತಾಂಕ 64, 32, 16, 8, 4, 2, 1 ಎಂದು ಅರ್ಧವಾಗುತ್ತ ಹೋಗುತ್ತದೆ, ಪ್ರತಿ ಹೆಜ್ಜೆಗೂ "ಒಂದು ಕೂಡಿಸಿದ" ಒಂದು ಅಪವರ್ತನ ಹೊರಗೆ ಬೀಳುತ್ತದೆ. ಮಗುವಿಗೆ ಇದು ಹೊಸದೆನಿಸಿದರೆ ದಶಮಾನದಲ್ಲೇ ಒಮ್ಮೆ ಮಾಡಿಸಿ ನೋಡಿ: 99999999 = 9999 × 10001, ಮತ್ತೆ 9999 = 99 × 101. ಎರಡರ ಆಧಾರದಲ್ಲಿ ಬರೆದರೆ ನಮ್ಮ ಸಂಖ್ಯೆ ಅರವತ್ತನಾಲ್ಕು 1ಗಳ ಸಾಲು. ಆ ಸಾಲನ್ನು ನಡುವೆ ಮುರಿಯುವುದೇ ಇಲ್ಲಿ ನಡೆಯುತ್ತಿರುವ ಕೆಲಸ.

ಕೊನೆಯಲ್ಲಿ ಸಿಗುವುದು ಹೀಗಿದೆ:

2^64 − 1 = 3 × 5 × 17 × 257 × 65537 × 4294967297

ಒಂದು ಭಾಗಾಕಾರವನ್ನೂ ಮಾಡದೆ ಆರು ಅಪವರ್ತನಗಳು ಕೈಗೆ ಬಂದವು. ನೂರನ್ನು ದಾಟಿದ ಮೇಲೂ ಅವಳಿಗೆ ಏಕೆ ಏನೂ ಸಿಗಲಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ: 17ರ ನಂತರದ ಭಾಜಕ 257. ಅವಳು ಇನ್ನೂ ಸ್ವಲ್ಪ ದೂರ ಹೋಗಿದ್ದರೆ ಅದು ಸಿಕ್ಕೇ ಸಿಗುತ್ತಿತ್ತು.

ಈ ಆರು ಸಂಖ್ಯೆಗಳು ಗಣಿತದ ಇತಿಹಾಸದಲ್ಲಿ ಪ್ರಸಿದ್ಧವಾದವು. ಇವುಗಳನ್ನು ಫೆರ್ಮಾ ಸಂಖ್ಯೆಗಳೆನ್ನುತ್ತಾರೆ. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ದ ಫೆರ್ಮಾ ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೆಂದು ನಂಬಿದ್ದರು. ಮೊದಲ ಐದು ನಿಜವಾಗಿಯೂ ಅವಿಭಾಜ್ಯ. ಆರನೆಯದಾದ 4294967297 ಅವಿಭಾಜ್ಯವಲ್ಲವೆಂದು, 641 ಅದನ್ನು ಭಾಗಿಸುತ್ತದೆಂದು 1732ರಲ್ಲಿ ಆಯ್ಲರ್ ತೋರಿಸಿದರು. ಭಾಗಲಬ್ಧ 6700417.

641 ಭಾಗಿಸುತ್ತದೆ ಎಂಬುದನ್ನು ಹತ್ತಂಕಿಯ ಭಾಗಾಕಾರವಿಲ್ಲದೆ ಸಾಧಿಸುವ ಒಂದು ಸೊಗಸಾದ ವಾದವಿದೆ. ನಾನು ಪ್ರತಿ ವರ್ಷವೂ ತರಗತಿಯಲ್ಲಿ ಇದನ್ನು ಫಲಕದ ಮೇಲೆ ಬರೆಯುತ್ತಿದ್ದೆ, ಮಕ್ಕಳ ಮುಖದಲ್ಲಿ ಬೆಳಕು ಮೂಡುವ ಲೆಕ್ಕಗಳಲ್ಲಿ ಇದೂ ಒಂದು. 641ನ್ನು ಎರಡು ರೀತಿಯಲ್ಲಿ ಬರೆಯಬಹುದು: 641 = 640 + 1, ಇದರಲ್ಲಿ 640 = 5 × 2^7; ಹಾಗೆಯೇ 641 = 625 + 16 = 5^4 + 2^4. ಮೊದಲನೆಯದರಿಂದ ಆರಂಭಿಸೋಣ. x^4 − 1 ಎಂಬ ಪದಪುಂಜಕ್ಕೆ x + 1 ಯಾವಾಗಲೂ ಅಪವರ್ತನವಾದ್ದರಿಂದ 640^4 − 1 ಎಂಬುದನ್ನು 641 ಭಾಗಿಸುತ್ತದೆ. 640^4 ಎಂದರೆ 5^4 × 2^28. ಎರಡನೆಯ ರೂಪವನ್ನು 2^28ರಿಂದ ಗುಣಿಸಿದರೆ 5^4 × 2^28 + 2^32 ಎಂಬುದನ್ನೂ 641 ಭಾಗಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ತೆಗೆದುಕೊಳ್ಳಿ. 5^4 × 2^28 ಎಂಬ ಭಾಗ ಕಳೆದುಹೋಗಿ 2^32 + 1 ಮಾತ್ರ ಉಳಿಯುತ್ತದೆ. ಆದ್ದರಿಂದ ಅದನ್ನು 641 ಭಾಗಿಸಲೇಬೇಕು.


ಉತ್ತರ – ಹಿಂಜವಡಿ ತಂತ್ರಾಂಶ ಉದ್ಯೋಗಿ

ಮೇಷ್ಟ್ರ ಉತ್ತರಕ್ಕೆ ಪೂರಕವಾಗಿ ಸ್ಪ್ರೆಡ್‌ಶೀಟಿನ ವಿಷಯವನ್ನಷ್ಟೇ ಹೇಳುತ್ತೇನೆ. ಸ್ಪ್ರೆಡ್‌ಶೀಟುಗಳು ಸಂಖ್ಯೆಗಳನ್ನು ಸಾಮಾನ್ಯವಾಗಿ 53 ಬಿಟ್‌ಗಳ ನಿಖರತೆಯಲ್ಲಿ ಇಟ್ಟುಕೊಳ್ಳುತ್ತವೆ ಮತ್ತು ಹದಿನೈದು ಸಾರ್ಥಕ ಅಂಕಿಗಳನ್ನು ತೋರಿಸುತ್ತವೆ. 2^64 − 1ನ್ನು ಪೂರ್ಣವಾಗಿ ಬರೆಯಲು 64 ಬಿಟ್‌ಗಳೂ ಬೇಕು. ಆದ್ದರಿಂದ ಯಂತ್ರ ಅದನ್ನು ಸಮೀಪದ ಸಂಖ್ಯೆಗೆ, ಅಂದರೆ 2^64ಕ್ಕೇ, ದುಂಡಾಗಿಸುತ್ತದೆ. ಆ ಒಂದು ಕಾಳು ಕಳೆದುಹೋದರೆ ಭಾಜ್ಯತೆಯ ಪ್ರಶ್ನೆಯೇ ಅರ್ಥ ಕಳೆದುಕೊಳ್ಳುತ್ತದೆ: 2^64ಕ್ಕೆ 2ನ್ನು ಬಿಟ್ಟು ಬೇರೆ ಅವಿಭಾಜ್ಯ ಭಾಜಕವೇ ಇಲ್ಲ, 2^64 − 1ಕ್ಕೆ 2 ಭಾಜಕವೇ ಅಲ್ಲ.

ದೊಡ್ಡ ಸಂಖ್ಯೆಯನ್ನೇ ಬರೆಯದೆ ಭಾಜ್ಯತೆಯನ್ನು ಪರೀಕ್ಷಿಸುವ ಉಪಾಯವೊಂದನ್ನು ಮಗಳಿಗೆ ಹೇಳಿಕೊಡಿ. ಶೇಷವನ್ನು ಮಾತ್ರ ಹಿಡಿದುಕೊಂಡು ಆರು ಸಲ ವರ್ಗ ಮಾಡಿದರೆ ಸಾಕು, ಏಕೆಂದರೆ 2ರಿಂದ ಹೊರಟು ಆರು ಸಲ ವರ್ಗ ಮಾಡಿದಾಗ 2^64 ಬರುತ್ತದೆ. ಉದಾಹರಣೆಗೆ 641ನ್ನೇ ತೆಗೆದುಕೊಳ್ಳೋಣ. ಶೇಷಗಳು ಕ್ರಮವಾಗಿ 4, 16, 256. ಮುಂದೆ 256ರ ವರ್ಗ 65536. ಅದನ್ನು 641ರಿಂದ ಭಾಗಿಸಿದರೆ ಶೇಷ 154. 154ರ ವರ್ಗ 23716, ಶೇಷ 640. ಇದು 2^32ರ ಶೇಷ; ಒಂದು ಕೂಡಿಸಿದರೆ 641, ಅಂದರೆ 2^32 + 1 ನಿಶ್ಶೇಷವಾಗಿ ಭಾಗವಾಗುತ್ತದೆ. ಅದೇ ರೀತಿ 19ಕ್ಕೆ ಮಾಡಿದರೆ ಶೇಷಗಳು 4, 16, 9, 5, 6, 17. ಕೊನೆಯ ಶೇಷ 1 ಆಗಿಲ್ಲ, ಆದ್ದರಿಂದ 19 ಭಾಜಕವಲ್ಲ. ಇಪ್ಪತ್ತಂಕಿಯ ಭಾಗಾಕಾರದ ಬದಲು ಆರು ಸಣ್ಣ ಗುಣಾಕಾರಗಳಲ್ಲಿ ಕೆಲಸ ಮುಗಿಯಿತು.


ಮರುಪ್ರಶ್ನೆ – ಕೊಥ್ರೂಡ್ ಗೃಹಿಣಿ, ಪುಣೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 641ರ ವಾದವನ್ನು ಮಗಳು ತಾನೇ ಮತ್ತೊಮ್ಮೆ ಬರೆದು, ಎರಡು ಸಾಲುಗಳನ್ನು ಕಳೆದು, ಬಹಳ ಸಂತೋಷಪಟ್ಟಳು. ಆದರೆ ಅವಳ ಎರಡನೆಯ ಪ್ರಶ್ನೆ ಇನ್ನೂ ಉಳಿದಿದೆ. 6700417 ಇನ್ನೂ ಒಡೆಯುವುದಿಲ್ಲ ಎಂದು ಹೇಗೆ ಹೇಳುವುದು? ಅದರ ವರ್ಗಮೂಲ ಸುಮಾರು 2588. ಅಲ್ಲಿಯವರೆಗೆ ಮುನ್ನೂರಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆಗಳಿವೆ. 65537ಕ್ಕೂ 256ರವರೆಗೆ ಐವತ್ತಕ್ಕೂ ಹೆಚ್ಚು ಭಾಗಾಕಾರಗಳು ಬೇಕಾಗುತ್ತವೆ. ಇವನ್ನೆಲ್ಲ ಮಾಡಲೇಬೇಕೇ?


ಉತ್ತರ – ಚೆಂಬೂರಿನ ಗಣಿತ ವಿದ್ಯಾರ್ಥಿನಿ

ಮಾಡಬೇಕಾಗಿಲ್ಲ ಆಂಟಿ. 65537ಕ್ಕೆ ಒಂದೇ ಒಂದು ಭಾಗಾಕಾರ ಸಾಕು, 6700417ಕ್ಕೆ ನಾಲ್ಕು ಸಾಕು. ನನ್ನ ದೃಷ್ಟಿಯಲ್ಲಿ ಈ ಸಂಖ್ಯೆಯ ಅತ್ಯಂತ ಸುಂದರವಾದ ಗುಣ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

p ಎಂಬ ಅವಿಭಾಜ್ಯ ಸಂಖ್ಯೆ 2^32 + 1ನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ 2, 4, 8, 16 ಎಂದು ಎರಡರ ಘಾತಗಳನ್ನು ಬರೆಯುತ್ತ, p ಇಂದ ಭಾಗಿಸಿದ ಶೇಷಗಳನ್ನು ಮಾತ್ರ ನೋಡುತ್ತ ಹೋದರೆ, 32ನೆಯ ಘಾತಕ್ಕೆ ಶೇಷ −1 (ಅಂದರೆ p − 1) ಬರುತ್ತದೆ, 64ನೆಯ ಘಾತಕ್ಕೆ 1 ಬರುತ್ತದೆ. 64ಕ್ಕಿಂತ ಮೊದಲೇ 1 ಬರಲು ಸಾಧ್ಯವೇ? ಶೇಷ ಮೊದಲ ಬಾರಿಗೆ 1 ಆಗುವ ಘಾತಾಂಕ 64ರ ಭಾಜಕವಾಗಿರಬೇಕು; ಅದು 64 ಅಲ್ಲದಿದ್ದರೆ 32ರ ಭಾಜಕವಾಗುತ್ತದೆ, ಆಗ 32ನೆಯ ಘಾತಕ್ಕೂ ಶೇಷ 1 ಆಗಬೇಕಾಗುತ್ತದೆ. ಆದರೆ ಅಲ್ಲಿರುವುದು −1. ಆದ್ದರಿಂದ ಶೇಷಗಳ ಚಕ್ರದ ಉದ್ದ ಸರಿಯಾಗಿ 64. ಇನ್ನೊಂದೆಡೆ, p ಭಾಗಿಸದ ಯಾವುದೇ ಸಂಖ್ಯೆಯ p − 1ನೆಯ ಘಾತಕ್ಕೆ ಶೇಷ 1 ಎಂದು ಫೆರ್ಮಾ ಅವರ ಕಿರು ಪ್ರಮೇಯ ಹೇಳುತ್ತದೆ. ಚಕ್ರದ ಉದ್ದ p − 1ನ್ನು ಭಾಗಿಸಲೇಬೇಕು. ಹೀಗಾಗಿ p ಎಂಬುದು 64k + 1 ಎಂಬ ರೂಪದಲ್ಲೇ ಇರಬೇಕು. ಆಯ್ಲರ್ 641ನ್ನು ತಲುಪಿದ ದಾರಿಯಲ್ಲಿ ಈ ತಿಳಿವಳಿಕೆಯೇ ಮುಖ್ಯವಾದದ್ದು. 64k + 1 ರೂಪದ ಅವಿಭಾಜ್ಯಗಳು 193, 257, 449, 577, 641, ಐದನೆಯದರಲ್ಲೇ ಉತ್ತರವಿದೆ.

1878ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಇದನ್ನು ಇನ್ನೂ ಬಿಗಿಗೊಳಿಸಿ, 64ರ ಜಾಗದಲ್ಲಿ 128 ಎನ್ನಬಹುದೆಂದು ತೋರಿಸಿದರು. ಅದರ ಕಾರಣವನ್ನೂ ಶಾಲೆಯ ಬೀಜಗಣಿತದಲ್ಲೇ ಹೇಳಬಹುದು. x = 2^8 × (2^16 − 1) ಎಂದು ತೆಗೆದುಕೊಳ್ಳಿ. ಇದರ ವರ್ಗ 2^16 × (2^32 − 2^17 + 1). ಆವರಣದೊಳಗಿನ 2^32 + 1 ಎಂಬ ಭಾಗವನ್ನು p ಭಾಗಿಸುವುದರಿಂದ ಅದನ್ನು ಬಿಟ್ಟುಬಿಡಬಹುದು. ಉಳಿಯುವುದು −2^33, ಅಂದರೆ −2 × 2^32. 2^32ರ ಶೇಷ −1 ಆದ್ದರಿಂದ ಇದರ ಶೇಷ 2. ಅಂದರೆ ಶೇಷಗಳ ಲೋಕದಲ್ಲಿ x ಎಂಬುದು 2ರ ವರ್ಗಮೂಲ! 2ರ ಚಕ್ರದ ಉದ್ದ 64 ಆದರೆ x ಚಕ್ರದ ಉದ್ದ 128. ಆದ್ದರಿಂದ p − 1ನ್ನು 128 ಭಾಗಿಸಬೇಕು.

ಈಗ 6700417ಕ್ಕೆ ಬರೋಣ. ಇದರ ಪ್ರತಿಯೊಂದು ಅವಿಭಾಜ್ಯ ಭಾಜಕವೂ 2^32 + 1ರ ಭಾಜಕವೇ ಆದ್ದರಿಂದ 128k + 1 ರೂಪದಲ್ಲಿರಬೇಕು. 6700417 ಒಡೆಯುವುದಾದರೆ ಒಂದು ಅವಿಭಾಜ್ಯ ಭಾಜಕವಾದರೂ 2588ರೊಳಗೆ ಇರಬೇಕು. ಅಲ್ಲಿಯವರೆಗಿನ 128k + 1ಗಳು ಇಪ್ಪತ್ತೇ: 129, 257, 385, 513, 641, 769, 897, 1025, 1153, 1281, 1409, 1537, 1665, 1793, 1921, 2049, 2177, 2305, 2433, 2561. ಇವುಗಳಲ್ಲಿ ಹೆಚ್ಚಿನವು 3, 5 ಅಥವಾ 7ರಿಂದ ಭಾಗವಾಗಿ ಕೂಡಲೇ ಹೊರಬೀಳುತ್ತವೆ. ಸ್ವಲ್ಪ ನೋಡಬೇಕಾದವು 1537 = 29 × 53, 1793 = 11 × 163, 1921 = 17 × 113, 2561 = 13 × 197 ಮಾತ್ರ. ಉಳಿಯುವ ಅವಿಭಾಜ್ಯಗಳು 257, 641, 769, 1153 ಮತ್ತು 1409. ಇವುಗಳಲ್ಲಿ 257 ಮೇಷ್ಟ್ರು ಕೊಟ್ಟ ಪಟ್ಟಿಯಲ್ಲಿ ಆಗಲೇ ಇದೆ. ಎರಡು ಬೇರೆ ಬೇರೆ ಫೆರ್ಮಾ ಸಂಖ್ಯೆಗಳಿಗೆ ಸಾಮಾನ್ಯ ಭಾಜಕ ಇರಲು ಸಾಧ್ಯವಿಲ್ಲ, ಏಕೆಂದರೆ ದೊಡ್ಡದರಿಂದ 2 ಕಳೆದರೆ ಅದು ಚಿಕ್ಕವುಗಳೆಲ್ಲದರ ಗುಣಲಬ್ಧ; ಸಾಮಾನ್ಯ ಭಾಜಕವಿದ್ದರೆ ಅದು 2ನ್ನೂ ಭಾಗಿಸಬೇಕು, ಆದರೆ ಇವೆಲ್ಲ ಬೆಸ ಸಂಖ್ಯೆಗಳು. ಹಾಗಾಗಿ 257ನ್ನು ಪರೀಕ್ಷಿಸುವ ಅಗತ್ಯವೂ ಇಲ್ಲ. ಉಳಿದ ನಾಲ್ಕು ಭಾಗಾಕಾರಗಳ ಶೇಷಗಳು ಹೀಗಿವೆ: 641ರಿಂದ ಭಾಗಿಸಿದರೆ 44, 769ರಿಂದ 120, 1153ರಿಂದ 334, 1409ರಿಂದ 622. ಯಾವುದೂ ಸೊನ್ನೆಯಲ್ಲ. ಆದ್ದರಿಂದ 6700417 ಅವಿಭಾಜ್ಯ. ತಂಗಿ ಈ ನಾಲ್ಕನ್ನೂ ತಾನೇ ಮಾಡಿ ತಾಳೆ ನೋಡಲಿ.

65537ಕ್ಕೆ ಇದೇ ವಾದದಲ್ಲಿ 64k + 1 ರೂಪದ, 256ರೊಳಗಿನ ಭಾಜಕ ಬೇಕು. 65, 129, 193 ಇಷ್ಟೇ ಇವೆ, ಅವುಗಳಲ್ಲಿ 193 ಒಂದೇ ಅವಿಭಾಜ್ಯ. 65537ನ್ನು 193ರಿಂದ ಭಾಗಿಸಿದರೆ ಶೇಷ 110. ಅಲ್ಲಿಗೆ ಮುಗಿಯಿತು. 257ಕ್ಕಾದರೆ 32k + 1 ರೂಪದ, 16ರೊಳಗಿನ ಭಾಜಕ ಬೇಕು. ಅಂಥದ್ದು ಇಲ್ಲವೇ ಇಲ್ಲ, ಆದ್ದರಿಂದ ಭಾಗಾಕಾರವೂ ಬೇಡ.

ಹೀಗೆ ಅಂತಿಮ ಉತ್ತರ:

18446744073709551615 = 3 × 5 × 17 × 257 × 641 × 65537 × 6700417

ಒಟ್ಟು ಏಳು ಅವಿಭಾಜ್ಯಗಳು, ಪ್ರತಿಯೊಂದೂ ಒಮ್ಮೆ ಮಾತ್ರ. ಭಾಜಕವೊಂದನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು; ಆದ್ದರಿಂದ ಭಾಜಕಗಳ ಒಟ್ಟು ಸಂಖ್ಯೆ 2^7 = 128. ಗುಣಿಸಿದರೆ ಮೂಲ ಸಂಖ್ಯೆ ಬರುವಂತೆ ಇವನ್ನು ಜೋಡಿ ಮಾಡಿದರೆ ಅರವತ್ತನಾಲ್ಕು ಜೋಡಿಗಳಾಗುತ್ತವೆ. ಹಲಗೆಯ ಮನೆಗಳ ಸಂಖ್ಯೆಯೂ ಅದೇ ಆಗಿರುವುದು ಕಾಕತಾಳೀಯ. ಮಗು ಪ್ರಾಜೆಕ್ಟಿನಲ್ಲಿ ಅದನ್ನು ನಿಯಮವೆಂದು ಬರೆಯದಿರಲಿ. ಎಲ್ಲಕ್ಕಿಂತ ಹತ್ತಿರದ ಜೋಡಿ 4294967295 ಮತ್ತು 4294967297. ಭಾಜಕಗಳೆಲ್ಲದರ ಮೊತ್ತ 4 × 6 × 18 × 258 × 642 × 65538 × 6700418. ಇದು ಮೂಲ ಸಂಖ್ಯೆಯ ಸುಮಾರು 1.7034 ಪಟ್ಟು, ಅಂದರೆ ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೂ ಸಂಖ್ಯೆಯನ್ನು ಮುಟ್ಟುವುದಿಲ್ಲ.

ಮಗಳಿಗೆ ಇಂಥ ಗಣಿತದಲ್ಲಿ ಆಸಕ್ತಿಯಿದ್ದರೆ, ಶ್ರೀರಾಮ ಅಭ್ಯಂಕರ್ ಅವರು 1976ರಲ್ಲಿ ಸ್ಥಾಪಿಸಿದ ಭಾಸ್ಕರಾಚಾರ್ಯ ಪ್ರತಿಷ್ಠಾನ ನಿಮ್ಮ ಪುಣೆಯಲ್ಲೇ ಇದೆ. ಒಮ್ಮೆ ವಿಚಾರಿಸಿ ನೋಡಿ.


ಉತ್ತರ – ಮಡಗಾಂವ್ ಓದುಗ, ಗೋವಾ

ಇಷ್ಟು ಒಳ್ಳೆಯ ಚರ್ಚೆಯಲ್ಲಿ ಈ ಸಂಖ್ಯೆಯ ಹಳೆಯ ಇತಿಹಾಸವನ್ನೂ ಸೇರಿಸಲು ಅನುಮತಿ ಕೊಡಿ, ಏಕೆಂದರೆ ಹಿಂಜವಡಿಯವರು ಹೇಳಿದ "ಆರು ಸಲ ವರ್ಗ" ಎಂಬ ಮಾತು ನಮ್ಮ ನಾಡಿನಲ್ಲಿ ಬಹಳ ಹಿಂದಿನದು. ಜೈನ ಆಗಮಗಳಲ್ಲೊಂದಾದ ಅನುಯೋಗದ್ವಾರ ಸೂತ್ರದಲ್ಲಿ ಮನುಷ್ಯರ ಸಂಖ್ಯೆಯನ್ನು ಹೇಳುವಾಗ, ಎರಡರ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಬೇಕೆಂದಿದೆ. ಮೊದಲನೆಯ ವರ್ಗ 4, ಎರಡನೆಯದು 16, ಮೂರನೆಯದು 256, ನಾಲ್ಕನೆಯದು 65536, ಐದನೆಯದು 4294967296. ಆರನೆಯದು ನಮ್ಮ ಸಂಖ್ಯೆಗಿಂತ ಒಂದೇ ಹೆಚ್ಚಿನ 2^64. ಅವುಗಳ ಗುಣಲಬ್ಧ 2^96, ಅಂದರೆ 79228162514264337593543950336. ಅದು ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ, ಅದನ್ನು ತೊಂಬತ್ತಾರು ಸಲ ಅರ್ಧಿಸಬಹುದು ಎಂಬ ವಿವರವೂ ಅಲ್ಲಿದೆ. ಎಣಿಸಿ ನೋಡಿದರೆ ಎರಡೂ ಸರಿಯಾಗಿವೆ.

ಹೀಗೆ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಎಂಬುದಕ್ಕೆ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಅರ್ಧಚ್ಛೇದ ಎಂಬ ಹೆಸರಿದೆ, ಮತ್ತು ಗುಣಿಸಿದಾಗ ಅರ್ಧಚ್ಛೇದಗಳು ಕೂಡುತ್ತವೆ ಎಂಬ ನಿಯಮವನ್ನು ಅಲ್ಲಿ ಬಳಸಲಾಗಿದೆ. ಒಂಬತ್ತನೆಯ ಶತಮಾನದ ಈ ಟೀಕೆಯ ತಾಳೆಗರಿಗಳು ಉಳಿದುಬಂದದ್ದು ಮೂಡಬಿದಿರೆಯಲ್ಲಿ, ಕನ್ನಡ ಲಿಪಿಯಲ್ಲಿ. ಚದುರಂಗದ ಕಾಳಿನ ಮೊತ್ತವನ್ನೂ ಅಲ್‌ಬಿರೂನಿ ಇದೇ ಉಪಾಯದಿಂದ ಲೆಕ್ಕ ಹಾಕಿದ್ದರು: 16ನ್ನು ನಾಲ್ಕು ಸಲ ವರ್ಗ ಮಾಡಿ ಒಂದನ್ನು ಕಳೆಯುವುದು. ನಿಮ್ಮ ಮಗಳು ಅರವತ್ತನಾಲ್ಕು ಸಲ ಇಮ್ಮಡಿಸಿದ್ದನ್ನು ಇದರಿಂದ ತಾಳೆ ನೋಡಬಹುದು.

ಸಂಖ್ಯೆಯ ಭಾಜಕಗಳ ಬಗ್ಗೆ ನನ್ನದೊಂದು ಪ್ರಶ್ನೆಯೂ ಇದೆ. 3, 5, 17, 257, 65537 ಈ ಐದನ್ನು ರೇಖಾಗಣಿತದಲ್ಲೂ ಕಂಡ ನೆನಪು. ಆ ಸಂಬಂಧವೇನು? ಮತ್ತು ಹಲಗೆಯಲ್ಲಿ 64ರ ಬದಲು ಬೇರೆ ಸಂಖ್ಯೆಯ ಮನೆಗಳಿದ್ದರೆ ಭಾಜಕಗಳು ಇಷ್ಟೇ ಸುಲಭವಾಗಿ ಸಿಗುತ್ತವೆಯೇ?


ಉತ್ತರ – ಡೊಂಬಿವಲಿಯ ನಿವೃತ್ತ ಶಿಕ್ಷಕ

ಚೆಂಬೂರಿನ ಹುಡುಗಿಯ ವಿವರಣೆಯನ್ನು ಓದಿ ಮನಸ್ಸು ತುಂಬಿತು. 2ರ ವರ್ಗಮೂಲವನ್ನು ಅಷ್ಟು ಸರಳವಾಗಿ ಕೈಗಿಟ್ಟದ್ದು ಬಹಳ ಸೊಗಸು.

ಮಡಗಾಂವ್‌ನವರು ಕೇಳಿದ ರೇಖಾಗಣಿತದ ಸಂಬಂಧ ಇದು. ಅಳತೆಯಿಲ್ಲದ ಪಟ್ಟಿ ಮತ್ತು ಕೈವಾರ ಮಾತ್ರ ಬಳಸಿ ಹದಿನೇಳು ಬಾಹುಗಳ ಸಮಬಹುಭುಜವನ್ನು ರಚಿಸಬಹುದೆಂದು ಗೌಸ್ 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಕಂಡುಹಿಡಿದರು. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫೆರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು, ಹಾಗಿಲ್ಲದಿದ್ದರೆ ರಚನೆ ಅಸಾಧ್ಯ ಎಂಬುದನ್ನು ವಾಂಟ್ಸೆಲ್ 1837ರಲ್ಲಿ ಸಾಧಿಸಿದರು. ಇಂದಿಗೂ ತಿಳಿದಿರುವ ಫೆರ್ಮಾ ಅವಿಭಾಜ್ಯಗಳು ಆ ಐದೇ. ಆದ್ದರಿಂದ ಹಲಗೆಯ ಮೊದಲ ಅರ್ಧದ, ಅಂದರೆ ಮೂವತ್ತೆರಡು ಮನೆಗಳ, ಕಾಳಿನ ಮೊತ್ತವಾದ 4294967295ಕ್ಕೆ ವಿಶೇಷ ಸ್ಥಾನವಿದೆ: ರಚಿಸಬಹುದೆಂದು ತಿಳಿದಿರುವ ಬೆಸ ಬಾಹುಗಳ ಸಮಬಹುಭುಜಗಳಲ್ಲಿ ಅತ್ಯಂತ ಹೆಚ್ಚು ಬಾಹುಗಳಿರುವುದು ಅದಕ್ಕೇ. ಇಡೀ ಹಲಗೆಯ ಮೊತ್ತಕ್ಕೆ ಆ ಗುಣವಿಲ್ಲ. 641 ಒಳಗೆ ಸೇರಿದ ಕ್ಷಣದಿಂದ ಅದು ತಪ್ಪಿಹೋಗುತ್ತದೆ, ಏಕೆಂದರೆ 640 ಎಂಬುದು ಎರಡರ ಘಾತವಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ: ಎಲ್ಲವೂ ಘಾತಾಂಕದ ಮೇಲೆ ನಿಂತಿದೆ. 64 ಆರು ಸಲ ಅರ್ಧವಾಗುತ್ತದೆ, ಅದಕ್ಕೇ ನಮ್ಮ ಸಂಖ್ಯೆ ಇಷ್ಟು ಸುಲಭವಾಗಿ ತೆರೆದುಕೊಂಡಿತು. ಹಲಗೆಯಲ್ಲಿ 61 ಮನೆಗಳಿದ್ದರೆ ಮೊತ್ತ 2305843009213693951. ಇದು ಅವಿಭಾಜ್ಯವೆಂದು ರಷ್ಯಾದ ಪೆರ್ವುಶಿನ್ 1883ರಲ್ಲಿ ತೋರಿಸಿದರು. 67 ಮನೆಗಳಿದ್ದರೆ ಮೊತ್ತ 147573952589676412927. ಇದು ಅವಿಭಾಜ್ಯವಲ್ಲವೆಂದು ಲ್ಯೂಕಾ 1876ರಲ್ಲೇ ಸಾಧಿಸಿದ್ದರೂ ಅದರ ಅಪವರ್ತನಗಳು ಯಾರಿಗೂ ತಿಳಿದಿರಲಿಲ್ಲ. ಅದು 193707721 × 761838257287 ಎಂದು 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ತೋರಿಸಿದರು. ನಮ್ಮ ಸಂಖ್ಯೆಯ ನೆರೆಯದೇ ಆದ 2^64 + 1 ಸಹ ಸುಲಭವಾಗಿರಲಿಲ್ಲ: ಅದು 274177 × 67280421310721 ಎಂದು 1880ರಲ್ಲಿ ಫಾರ್ಚುನೆ ಲ್ಯಾಂಡ್ರಿ ಪ್ರಕಟಿಸಿದರು. ಅಲ್ಲಿಯೂ ಲ್ಯೂಕಾ ಅವರ ನಿಯಮವನ್ನು ನೋಡಬಹುದು, 274177 ಎಂದರೆ 256 × 1071 + 1.

ಮೇಡಂ, ಪ್ರಾಜೆಕ್ಟಿನಲ್ಲಿ ಇನ್ನೊಂದು ಪುಟಕ್ಕೆ ಜಾಗವಿದ್ದರೆ ಮಗಳು ಹತ್ತು ಸಾಲು ಹತ್ತು ಕಂಬದ, ನೂರು ಮನೆಗಳ ಹಲಗೆಯನ್ನು ತೆಗೆದುಕೊಳ್ಳಲಿ. 100ರ ಭಾಜಕಗಳು 2, 4, 5, 10, 20, 25, 50 ಎಂದು ಹಲವಾರು ಇರುವುದರಿಂದ 2^100 − 1 ಕೂಡ ಚೆನ್ನಾಗಿ ಒಡೆಯುತ್ತದೆ: 3, 5, 11, 31, 41 ಇವೆಲ್ಲ ಅದರ ಭಾಜಕಗಳು. ಆದರೆ ಅಲ್ಲಿ ಒಂದು ಹೊಸ ಸಂಗತಿಯಿದೆ. 5 ಒಮ್ಮೆಯಲ್ಲ, ಮೂರು ಸಲ ಬರುತ್ತದೆ, ಅಂದರೆ 125 ಇಡಿಯಾಗಿ ಭಾಗಿಸುತ್ತದೆ. ಅದನ್ನು ಶೇಷಗಳ ವರ್ಗ ಮಾಡುವ ಉಪಾಯದಿಂದಲೇ ತೋರಿಸಬಹುದು; 100 = 64 + 32 + 4 ಎಂದು ಬಿಡಿಸಿಕೊಂಡು ಆ ಮೂರು ಶೇಷಗಳನ್ನು ಗುಣಿಸಿದರೆ ಸಾಕು.